ಕಮಾನಿನ ಮೇಲಿನ ಕೋಣೆ

ಗೋಡೆ ನರಳಿದ ಸದ್ದಿಗೆ ಐಲ್ಸಾ ಗಂಜಿಯ ಸೌಟು ಬಿಟ್ಟು ಹೊರಗೋಡಿದಳು. ಮರದ ದಿಮ್ಮಿ ಹೇರಿಕೊಂಡು ಕೋಟೆಗೆ ಹೊರಟಿದ್ದ ಲಾರಿ ಹೆಬ್ಬಾಗಿಲಿನ ಕಲ್ಲುಕಮಾನಿನಡಿ ಸಿಕ್ಕಿಕೊಂಡಿತ್ತು. ಕಮಾನಿನ ನೆತ್ತಿಗಲ್ಲು ಜರುಗಿ ದಿಮ್ಮಿಗಳ ಮೇಲೆ ಕೂತಿತ್ತು. ಸಂದಿಯಿಂದ ಸುಣ್ಣದ ಪುಡಿ ಉದುರುತ್ತಲೇ ಇತ್ತು.

ಕಮಾನಿನ ಮೇಲಿನ ಕೋಣೆಯಲ್ಲಿ ಅತ್ತೆ ಯೂಫೀಮಿಯಾ ಮಲಗಿದ್ದಳು. ಸೊಂಟ ಮುರಿದ ಮೇಲೆ ಮುದುಕಿ ಹಾಸಿಗೆಯಿಂದ ಎದ್ದಿರಲಿಲ್ಲ. ಗಂಡ ಹೆರಿಂಗ್ ಮೀನು ಹಿಡಿಯಲು ಕಡಲಿಗೆ ಹೋಗಿದ್ದ. ಬಾಗಿಲು ಕಾಯುವ ಕೆಲಸವೂ ಅತ್ತೆಯ ಆರೈಕೆಯೂ ಐಲ್ಸಾಳ ತಲೆಯ ಮೇಲಿದ್ದವು.

"ಬೇಗ ಇಳಿದು ಬಾರಪ್ಪ, ಮೇಲೆ ನಮ್ಮತ್ತೆ ಇದಾರೆ!"

ಡ್ರೈವರನ ಮುಖ ಬಿಳಿಚಿತ್ತು. "ಹೆಂಗಕ್ಕಾ ಇಳೀಲಿ? ಬ್ರೇಕಿಂದ ಕಾಲು ತೆಗೆದ್ರೆ ಲಾರಿ ಹಿಂದಕ್ಕೆ ಜಾರತ್ತೆ. ಆ ಕಲ್ಲೂ ಬೀಳತ್ತೆ."

ಸುತ್ತು ಮೆಟ್ಟಿಲನ್ನು ಅವಳೊಬ್ಬಳೇ ಹತ್ತಿದಳು.

"ಏನೇ ಅದು ಗಲಾಟೆ?" ಎಂದಳು ಮುದುಕಿ.

"ಕಮಾನು ಬೀಳ್ತಿದೆ ಅತ್ತೆ. ಬೆನ್ನಿಗೆ ಬನ್ನಿ."

"ನಮ್ಮಜ್ಜನ ಅಜ್ಜ ಕಾದ ಬಾಗಿಲು ಇದು. ನಿಮ್ಮ ಗ್ಲಾಸ್ಗೋದ ಇಟ್ಟಿಗೆ ಗೂಡು ಅಂದ್ಕೊಂಡ್ಯಾ ಬೀಳಕ್ಕೆ?"

"ಬೈಯೋದನ್ನ ಬೆನ್ನ ಮೇಲೆ ಕೂತು ಬೈರಿ!"

ಅಷ್ಟರಲ್ಲಿ ಮಂಚದಡಿಯ ಹಾಸುಗಲ್ಲು ಲಟ್ಟೆಂದು ಬಿರಿಯಿತು. ಮುದುಕಿ ಕೈ ಚಾಚಿದಳು.

ಮೆಟ್ಟಿಲು ಕಿರಿದು, ಕತ್ತಲು. ಅರ್ಧ ಇಳಿಯುವಷ್ಟರಲ್ಲಿ ಐಲ್ಸಾ ಏದುಸಿರು ಬಿಡುತ್ತಾ ಗೋಡೆಗೆ ಹೆಗಲು ಕೊಟ್ಟಳು. ಕಿವಿಯ ಬಳಿ ಅತ್ತೆಯ ಉಸಿರು ಬಿಸಿಯಾಗಿ ತಾಕಿತು.

"ನನ್ನ ಇಲ್ಲೇ ಇಳಿಸಿ ಹೋಗು. ಬಸುರಿ ಹೆಂಗಸು, ಭಾರ ಹೊರಬಾರದು."

ಐದು ತಿಂಗಳಾಗುತ್ತ ಬಂದರೂ ಈ ಸುದ್ದಿಯನ್ನು ಐಲ್ಸಾ ಗಂಡನಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲ ನಿಂತ ಗರ್ಭ ಇಳಿದುಹೋಗಿತ್ತು.

"ಬೆಳಬೆಳಿಗ್ಗೆ ವಾಂತಿಗೆ ಓಡೋದು ಕೇಳ್ಸಲ್ವೇನೇ ನಂಗೆ? ಸೊಂಟ ಮುರಿದಿದ್ದು, ಕಿವಿಯಲ್ಲ. ಇಳಿಸು ಅಂದ್ನಲ್ಲ!"

"ಬಾಯಿ ಮುಚ್ಚಿ, ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ."

ಗೋಡೆಗೆ ಹೆಗಲು ಉಜ್ಜುತ್ತಾ ಒಂದೊಂದೇ ಮೆಟ್ಟಿಲು ಇಳಿದಳು. ಬೇಲಿಯಾಚೆಯ ಹುಲ್ಲಿನ ಮೇಲೆ ಅತ್ತೆಯನ್ನು ಮಲಗಿಸಿ, ಡ್ರೈವರನಿಗೆ ಕೈ ಬೀಸಿದಳು. ಲಾರಿ ಹಿಂದಕ್ಕೆ ಜಾರಿತು. ನೆತ್ತಿಗಲ್ಲು ಬಿತ್ತು, ಅದರ ಬೆನ್ನಿಗೇ ಇಡೀ ಕೋಣೆ, ಮಂಚ, ಕಿಟಕಿ ಎಲ್ಲ ಧೂಳೆಬ್ಬಿಸಿಕೊಂಡು ಕುಸಿದವು. ಡ್ರೈವರ್ ಸಣ್ಣಪುಟ್ಟ ಗಾಯದಲ್ಲಿ ಪಾರಾಗಿ, ಡಾಕ್ಟರನ್ನು ಕರೆಯಲು ಓಡಿದ.

ಮುದುಕಿ ಆ ಕಡೆ ತಿರುಗಿಯೂ ನೋಡಲಿಲ್ಲ. "ಹೊಟ್ಟೆ ನೋಯ್ತಿದ್ಯಾ?" ಎಂದು ಮತ್ತೆ ಮತ್ತೆ ಕೇಳಿದಳು. ಐಲ್ಸಾ "ಇಲ್ಲ" ಎನ್ನುತ್ತಿದ್ದಳು, ಆದರೆ ಸೊಂಟದಲ್ಲಿ ಸಣ್ಣಗೆ ಸೆಳೆತ ಇತ್ತು. ಇಬ್ಬರೂ ಒಂದೇ ಶಾಲು ಹೊದ್ದು ಕಾದರು.

ಡಾಕ್ಟರು ಬಂದು ಐಲ್ಸಾಳ ಹೊಟ್ಟೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಆಲಿಸಿದರು. "ಮಗುವಿನ ಎದೆ ಬಡಿತ ಚೆನ್ನಾಗೇ ಇದೆ," ಎಂದರು.

ಯೂಫೀಮಿಯಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.