ಎಡಬಾಗಿಲಿನ ಸ್ವಿಚ್ಚು

ಊರವರ ಗಾಡಿಗಳನ್ನೆಲ್ಲ ಸರಿ ಮಾಡಿಕೊಡುವವರ ಸ್ವಂತ ಗಾಡಿ ಹೇಗಿರುತ್ತದೆ ಎಂದು ಮಾತ್ರ ಕೇಳಬೇಡಿ. ವೈರ್ ಮೇಷ್ಟ್ರ ಟ್ರಕ್ಕಿಗೆ ಇಪ್ಪತ್ತೆರಡು ವರ್ಷ. ಅದರ ಎಡಬಾಗಿಲಿನ ಗಾಜು ಇಳಿಯುವಾಗ ಗೊರಗೊರ ಸದ್ದು ಮಾಡುತ್ತಿತ್ತು, ಏರುವಾಗ ಅರ್ಧ ದಾರಿಯಲ್ಲಿ ನಿಂತು ಯೋಚನೆ ಮಾಡುತ್ತಿತ್ತು. ಬ್ಯಾಟರಿ, ಸ್ಟಾರ್ಟರು, ಹಾರನ್ನು, ಹೀಗೆ ಗಾಡಿಯಲ್ಲಿ ಕರೆಂಟು ಓಡಾಡುವ ಯಾವ ಮೂಲೆಯ ಕಾಯಿಲೆಯನ್ನಾದರೂ ಹತ್ತು ನಿಮಿಷದಲ್ಲಿ ಹಿಡಿದು, ಅದರ ಮೇಲೆ ಅರ್ಧ ಗಂಟೆ ಪಾಠ ಮಾಡುವ ಮನುಷ್ಯ ಅವರು. ಮೇಷ್ಟ್ರು ಎಂಬ ಹೆಸರು ಬಂದದ್ದೇ ಆ ಪಾಠದಿಂದ. ತಮ್ಮ ಕಿಟಕಿಯ ಮಾತು ಬಂದರೆ ಮಾತ್ರ "ನೋಡೋಣ ಬಿಡಿ" ಅನ್ನುತ್ತಿದ್ದರು. ಆ "ನೋಡೋಣ ಬಿಡಿ"ಗೆ ಬೆಂಕಿ ಹಾಕ. ಅದೊಂದು ಮಾತು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಮೇಷ್ಟ್ರ ಹೆಂಡತಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಗಿರಾಕಿಯೊಬ್ಬನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದವಳು ಮಾತಿನ ಮಧ್ಯದಲ್ಲೇ ಕುರ್ಚಿಯಿಂದ ಜಾರಿದಳು. ಎಡಗೈ, ಎಡಗಾಲು, ಬಾಯಿಯ ಎಡಭಾಗ ಹೋದವು. ಅರಳು ಹುರಿದಂತೆ ಮಾತಾಡುತ್ತಿದ್ದ ಹೆಂಗಸು. ಈಗ ನಾಲಿಗೆ ದಪ್ಪವಾಗಿ, ಒಂದೊಂದು ಪದಕ್ಕೂ ಏದುಸಿರು ಬರುತ್ತಿತ್ತು. ಬಂದ ಪದವೂ ಅರ್ಧ ಕರಗಿಕೊಂಡೇ ಬರುತ್ತಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಮೊದಲ ತಿಂಗಳಲ್ಲೇ ಸಮಾಧಾನದ ಮಾತು ಹೇಳಿದ್ದರು. ಕಾಲು ಹೇಗೂ ಬರುತ್ತದೆ, ಕೈಯಲ್ಲೂ ತೋರುಬೆರಳು ಸ್ವಲ್ಪ ಮಿಸುಕುತ್ತಿದೆ. ಆದರೆ ಮೊದಲ ಕೆಲವು ತಿಂಗಳೇ ಮುಖ್ಯ, ಆ ಬೆರಳಿಗೆ ಕೆಲಸ ಕೊಡುತ್ತಲೇ ಇರಬೇಕು, ಬೆರಳು ಒತ್ತಿದರೆ ಕಣ್ಣೆದುರಿಗೆ ಏನಾದರೂ ಆಗಬೇಕು, ಆಗಲೇ ಅವರಿಗೂ ಹುರುಪು ಬರುತ್ತದೆ ಅಂದಿದ್ದರು. ಮೇಷ್ಟ್ರಿಗೆ ಥಟ್ಟನೆ ಹೊಳೆದದ್ದು ಟ್ರಕ್ಕಿನ ಎಡಬಾಗಿಲು. ಹೆಂಡತಿ ಕೂರುವುದು ಎಡಗಡೆ, ಸ್ವಿಚ್ಚು ಇರುವುದು ಎಡಗೈಗೆ ಸರಿಯಾಗಿ. ಒತ್ತಿದರೆ ಗಾಜು ಇಳಿಯುತ್ತದೆ, ಮುಖಕ್ಕೆ ಗಾಳಿ ಬರುತ್ತದೆ. ಇದಕ್ಕಿಂತ ಒಳ್ಳೆಯ ಕೆಲಸ ಬೆರಳಿಗೆ ಯಾರು ಕೊಡುತ್ತಾರೆ? ತಮ್ಮ ಬುದ್ಧಿಗೆ ತಾವೇ ಬೀಗಿದರು.

ಮರುದಿನದಿಂದ ಆಸ್ಪತ್ರೆಗೆ ಹೋಗುವಾಗ, ಬರುವಾಗ ಅದೇ ಪಾಠ. ಗಾಡಿ ಹೊರಡುವ ಮೊದಲು ಹೆಂಡತಿಯ ಬೆರಳನ್ನು ಸ್ವಿಚ್ಚಿನ ಮೇಲಿಟ್ಟು "ಒತ್ತು" ಅನ್ನುವುದು. ಅವಳು ಒತ್ತುವಳು. ಗಾಜು ಅಲ್ಲಾಡದು. ಮೇಷ್ಟ್ರು ಅವಳ ಮೇಲಿಂದ ಬಾಗಿ, ಸ್ಪ್ಯಾನರ್ ಹಿಡಿದು ಗಟ್ಟಿಯಾದ ತಮ್ಮ ಹೆಬ್ಬೆರಳಿನಿಂದ ಅದೇ ಸ್ವಿಚ್ಚನ್ನು ಅದುಮುವರು. ಗೊರಗೊರ ಎಂದು ಗಾಜು ಇಳಿಯುವುದು. ನೋಡು, ಗಾಡಿ ಸರಿಯಾಗಿದೆ, ಇನ್ನೂ ಜೋರಾಗಿ ಒತ್ತು ಅನ್ನುವರು. ಅವಳು ಮತ್ತೆ ಬೆರಳು ಊರಿ, ಗಂಡನ ಮುಖ ನೋಡಿ, ಸೊಟ್ಟ ಬಾಯಿಯಿಂದ ಏನೋ ಅನ್ನುವಳು. ಮೇಷ್ಟ್ರ ಕಿವಿಗೆ ಅದು "ಒಲ್ಲೆ" ಎಂದು ಬೀಳುವುದು.

ಒಲ್ಲೆ ಅಂದರೆ ಯಾರಿಗೆ ಕೋಪ ಬರುವುದಿಲ್ಲ? ಅಂಗಡಿ ಅರ್ಧ ದಿನ ಮುಚ್ಚಿ, ಎತ್ತಿ ಕೂರಿಸಿ, ಇಳಿಸಿ, ಇಷ್ಟೆಲ್ಲ ಮಾಡುತ್ತಿರುವುದು ಯಾರಿಗಾಗಿ? ಚಿಕ್ಕ ಮಗುವಿನ ಹಾಗೆ ಹಠ ಹಿಡಿಯಬೇಡ ಎಂದು ರೇಗಿದರು. ಇನ್ನೊಂದು ದಿನ ಕೈಮುಗಿದು ಬೇಡಿಕೊಂಡರು. ನಲವತ್ತು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಆಸ್ಪತ್ರೆಯ ಗೇಟಿನಲ್ಲಿ, ಹಿಂದಿನ ಗಾಡಿಯವನು ಹಾರನ್ ಬಡಿಯುತ್ತಿದ್ದಾಗ, ಅವರ ಬಾಯಿಂದ ಆಡಬಾರದ ಮಾತು ಬಂತು.

"ನನ್ನ ಕೈಗೆ ಆಗತ್ತೆ, ನಿನ್ನ ಕೈಗೆ ಆಗಲ್ಲ. ಆ ಬೆರಳಲ್ಲಿ ಜೀವ ಇಲ್ಲ. ಹೋಗ್ಲಿ, ಅದನ್ನಾದ್ರೂ ಒಪ್ಕೊಂಡುಬಿಡು."

ಹೆಂಡತಿ ಬಲಗೈಯಿಂದ ಎಡಗೈಯನ್ನು ಎತ್ತಿ, ಸೆರಗಿನೊಳಗೆ ಇಟ್ಟುಕೊಂಡಳು. ಮಾರನೆಯ ದಿನ ಆ ಕೈ ಹೊರಗೆ ಬರಲಿಲ್ಲ. ರಬ್ಬರ್ ಚೆಂಡು ಕೊಟ್ಟರೆ ನೆಲಕ್ಕೆ ಬಿಟ್ಟಳು, ಬಟ್ಟೆಯ ಕ್ಲಿಪ್ಪು ಕೊಟ್ಟರೆ ಮುಖ ತಿರುಗಿಸಿದಳು. ಕಾಲು ಮಾತ್ರ ನಿಧಾನವಾಗಿ ಬಂತು. ಕೈ ಬಿಗಿಯುತ್ತಾ ಹೋಯಿತು, ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು. ಮೊನ್ನೆ ಮೊನ್ನೆ ಡಾಕ್ಟರಮ್ಮ ಮೇಷ್ಟ್ರನ್ನು ಹೊರಗೆ ಕರೆದು, ಅವರಿಗೇ ಮನಸ್ಸಿಲ್ಲದಿದ್ದರೆ ನಾವು ಏನು ತಾನೆ ಮಾಡೋಣ, ಹೇಗಾದರೂ ಮಾಡಿ ಆ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚಿ, ಇನ್ನೂ ತಡವಾದರೆ ಆಗುವುದಿಲ್ಲ ಎಂದು ಎಚ್ಚರಿಸಿದ್ದರು. ಅಂದಿನಿಂದ ಮೇಷ್ಟ್ರಿಗೆ ಅದೊಂದೇ ಚಿಂತೆ. ಅವಳು ಒಂದು ಸಲ, ಒಂದೇ ಒಂದು ಸಲ ಆ ಕೈಯನ್ನು ತಾನಾಗಿ ಮುಂದೆ ಚಾಚಿದರೆ ಸಾಕಿತ್ತು.

ಆ ವಾರ ಹೆಂಡತಿಯ ತಂಗಿ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಬಟ್ಟೆ ಹೊಲಿಯುವವಳು, ಬೆರಳು ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ದಿನ ಆಸ್ಪತ್ರೆಯಲ್ಲಿ ಅಕ್ಕನನ್ನು ವ್ಯಾಯಾಮದ ಕೋಣೆಗೆ ಬಿಟ್ಟು ಅವಳೂ ಮೇಷ್ಟ್ರೂ ಪಾರ್ಕಿಂಗಿನಲ್ಲಿ ನಿಂತ ಟ್ರಕ್ಕಿಗೆ ಬಂದು ಕುಳಿತರು. ಅವಳು ಅಕ್ಕನ ಸೀಟಿನಲ್ಲಿ ಕುಳಿತಳು. ಒಳಗೆ ಕಾವು ಕುದಿಯುತ್ತಿತ್ತು. ಗಾಜು ಇಳಿಸೋಣವೆಂದು ಸ್ವಿಚ್ಚು ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಏನ್ ಭಾವ, ನನ್ನ ಬೆರಳಿಗೂ ಲಕ್ವ ಹೊಡೀತಾ?" ಎಂದು ನಕ್ಕಳು. ನಕ್ಕ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರು ಗಟ್ಟಿಯಾಗಿ ಒತ್ತಬೇಕು ಅಂದರು. ಎಷ್ಟು ಗಟ್ಟಿ ಎಂದು ಅವಳು ಕೇಳಿದಳು. ಕೊನೆಗೆ ಹೆಬ್ಬೆರಳು ಊರಿ, ಹೆಗಲಿನ ಬಲವನ್ನೆಲ್ಲ ಹಾಕಿದಾಗ ಗೊರಗೊರ ಅಂದಿತು. ಅವಳು ಸ್ವಿಚ್ಚನ್ನು ನೋಡಿದಳು, ಭಾವನನ್ನು ನೋಡಿದಳು. "ಇದನ್ನ ಅಕ್ಕ ಒತ್ತಬೇಕಿತ್ತಾ?" ಎಂದು ಮೆಲ್ಲಗೆ ಕೇಳಿದಳು. ಅಕ್ಕ ಒತ್ತುತ್ತಿಲ್ಲ, ಹಠ ಎಂದು ಫೋನಿನಲ್ಲಿ ನಾಲ್ಕಾರು ಸಲ ದೂರು ಕೇಳಿದ್ದವಳು ಅವಳೇ.

ಮೇಷ್ಟ್ರು ಗಾಡಿಯಿಂದ ಧಡಕ್ಕನೆ ಕೆಳಗಿಳಿದರು. ಹಿಂದಿನಿಂದ ಟೂಲ್ ಬಾಕ್ಸ್ ಇಳಿಸಿ, ಆ ಬಿಸಿಲಿನಲ್ಲೇ ಬಾಗಿಲಿನ ಹಲಗೆಯ ಸ್ಕ್ರೂಗಳನ್ನು ಬಿಚ್ಚಿದರು. ಒಳಗಿನ ಕಥೆ ಎರಡು ನಿಮಿಷದ ಪಾಠ, ಅಷ್ಟೆ. ಗಾಜು ಜಾರುವ ರಬ್ಬರ್ ಒಣಗಿ ಕಟ್ಟಿಗೆಯಾಗಿತ್ತು, ಗ್ರೀಸು ಮಣ್ಣಿನಂತೆ ಗಡ್ಡೆಗಟ್ಟಿತ್ತು. ಗಾಜು ಬಿಗಿಯಾದಷ್ಟೂ ಮೋಟರು ಹೆಚ್ಚು ಕರೆಂಟು ಎಳೆದಿತ್ತು. ಎಳೆದ ಕರೆಂಟೆಲ್ಲ ಈ ಪುಟ್ಟ ಸ್ವಿಚ್ಚಿನ ಮೂಲಕ ಹರಿದು, ಒಳಗಿನ ತಾಮ್ರದ ತುಂಡು ಸುಟ್ಟು ಕರಿದಾಗಿತ್ತು. ಸ್ವಿಚ್ಚಿನ ಆಚೆಯ ತಂತಿಗೆ, ಕರೆಂಟು ಬಂದರೆ ಹತ್ತುವ ಟೆಸ್ಟ್ ಲ್ಯಾಂಪ್ ಹಿಡಿದರು. ಮೆಲ್ಲಗೆ ಒತ್ತಿದರೆ ದೀಪ ಹತ್ತಲಿಲ್ಲ. ಜೋರಾಗಿ ಅದುಮಿದಾಗ ಮಾತ್ರ ಹತ್ತಿತು.

ಟೆಸ್ಟ್ ಲ್ಯಾಂಪ್ ಕೈಗೆ ತೆಗೆದುಕೊಂಡ ಕೂಡಲೇ ಮೇಷ್ಟ್ರು ಮಾಡುವ ಮೊದಲ ಕೆಲಸ, ಅದನ್ನು ಬ್ಯಾಟರಿಗೆ ಮುಟ್ಟಿಸಿ ಲ್ಯಾಂಪೇ ಸರಿಯಿದೆಯೋ ಇಲ್ಲವೋ ನೋಡುವುದು. ಕೆಟ್ಟ ದೀಪ ಹಿಡಿದು ಒಳ್ಳೆಯ ತಂತಿಯನ್ನು ಬೈಯಬಾರದು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ತಲೆ ತಿಂದವರು. ಇವತ್ತೂ, ಈ ಗಾಬರಿಯಲ್ಲೂ, ಕೈ ಅಭ್ಯಾಸಬಲದಿಂದ ಮೊದಲು ಬ್ಯಾಟರಿಗೆ ಮುಟ್ಟಿಸಿಯೇ ಇತ್ತ ಬಂದಿತ್ತು. ಹೆಂಡತಿಯ ಬೆರಳನ್ನು ಪರೀಕ್ಷೆ ಮಾಡಲು ಒಂದು ಕೆಟ್ಟ ಕಿಟಕಿಯನ್ನು ಇಟ್ಟುಕೊಂಡು, ನಲವತ್ತು ದಿನ ಆ ಕಿಟಕಿಯನ್ನೇ ನಂಬಿದ್ದರಲ್ಲ!

"ಅಕ್ಕ ಆಗ ಏನನ್ನೋಳು?" ಎಂದು ನಾದಿನಿ ಕೇಳಿದಳು.

"ಒಲ್ಲೆ ಅನ್ನೋಳು."

"ಒಲ್ಲೆನಾ? ನಮ್ಮ ಮನೇಲಿ ಆ ಮಾತೇ ಇಲ್ಲ ಭಾವ. ಅದು ನಿಮ್ಮ ಅಮ್ಮ ಆಡೋ ಮಾತು. ಅಕ್ಕ ಬೇಡ ಅಂತಾಳೆ, ಆಗಲ್ಲ ಅಂತಾಳೆ. ಒಲ್ಲೆ ಅಂತ ಯಾವತ್ತೂ ಅಂದಿಲ್ಲ."

ನಿಜ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಲ್ಲಿ ಅವರು ಆ ಪದ ಕೇಳಿರಲಿಲ್ಲ. ಮೇಷ್ಟ್ರು ಬಾಯಿಯ ಎಡಭಾಗವನ್ನು ಬೆರಳಿನಿಂದ ಹಿಡಿದು, ನಾಲಿಗೆಯನ್ನು ದಪ್ಪ ಮಾಡಿಕೊಂಡು ಒಂದು ಪದ ಹೇಳಿ ನೋಡಿದರು. ಒತ್ದೆ. ಇನ್ನೊಮ್ಮೆ ಹೇಳಿದರು. ನಾಲಿಗೆ ಹಲ್ಲಿಗೆ ಸರಿಯಾಗಿ ತಾಗಲಿಲ್ಲ. ಒಲ್ಲೆ ಎಂದೇ ಕೇಳಿಸಿತು. ಅವಳು ದಿನಾ ಗಂಡನ ಮುಖ ನೋಡಿ ಒತ್ತಿದೆ, ಒತ್ತಿದೆ ಎಂದು ಹೇಳುತ್ತಿದ್ದಳು. ಇವರು ದಿನಾ ಅವಳನ್ನು ಬೈಯುತ್ತಿದ್ದರು. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವ್ಯಾಯಾಮ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಮೇಷ್ಟ್ರು ತಲೆ ಎತ್ತದೆ ದುಡಿದರು. ಹಳೆಯ ಗ್ರೀಸು ಕೆರೆದು ಹೊಸದು ಸವರಿದರು, ರಬ್ಬರಿನ ಸಂದಿಯ ಧೂಳು ತೆಗೆದು ಸ್ಪ್ರೇ ಹೊಡೆದರು, ಪೆಟ್ಟಿಗೆಯಲ್ಲಿದ್ದ ಹೊಸ ಸ್ವಿಚ್ಚು ಕೂರಿಸಿದರು. ಕಿರುಬೆರಳು ಸೋಕಿಸಿದರೆ ಸಾಕು, ಗಾಜು ಸದ್ದಿಲ್ಲದೆ ಸರ್ರನೆ ಇಳಿಯಿತು. ಇಷ್ಟೇ ಕೆಲಸ. ಆರು ತಿಂಗಳ ಹಿಂದೆಯೂ ಇಷ್ಟೇ ಇತ್ತು.

ಹೆಂಡತಿ ಊರುಗೋಲು ಹಿಡಿದು, ತಂಗಿಯ ಹೆಗಲು ಹಿಡಿದು ಬಂದಳು. ಸೀಟಿನಲ್ಲಿ ಕೂರಿಸಿ, ಮೇಷ್ಟ್ರು ತೆರೆದ ಬಾಗಿಲಿನ ಪಕ್ಕ ನೆಲಕ್ಕೆ ಮಂಡಿಯೂರಿದರು.

"ತಪ್ಪು ನಂದು ಕಣೇ," ಅಂದರು. "ಸ್ವಿಚ್ಚು ಸುಟ್ಟಿತ್ತು. ನೀನು ಒತ್ತಿದ್ದೆ. ದಿನಾ ಒತ್ತಿದ್ದೆ."

ಅವಳು ನಾಲ್ಕು ತಿಂಗಳಲ್ಲಿ ಮೊದಲ ಸಲ, ಬಲಗೈಯಿಂದ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಸ್ವಿಚ್ಚಿನ ಮೇಲೆ ಇಟ್ಟಳು. ಮೇಷ್ಟ್ರಿಗೆ ಕೈಗೆ ಜೀವ ಬಂದಷ್ಟೇ ಸಂತೋಷವಾಯಿತು. ಅವಳು ಕಣ್ಣು ಮುಚ್ಚಿದಳು. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು, ತುಟಿ ನಡುಗಿತು. ಬೆರಳು ಮಡಚಿದ್ದು ಮಡಚಿದಂತೆಯೇ ಇತ್ತು. ಮತ್ತೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ. ಗಾಜು ಈಗ ಯಾವ ಮಗು ಮುಟ್ಟಿದರೂ ಇಳಿಯುವ ಹಾಗಿತ್ತು, ಬೆರಳು ಮಾತ್ರ ಒತ್ತುವುದನ್ನು ಮರೆತುಬಿಟ್ಟಿತ್ತು.

ಮೇಷ್ಟ್ರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಒತ್ತಿದ್ದು ನಿಂಗೆ ಗೊತ್ತಿತ್ತಲ್ಲ," ಎಂದರು. "ನಾನು ಏನಾದ್ರೂ ಬೊಗಳಿಕೊಳ್ಳಲಿ, ನೀನು ಯಾಕೆ ಬಿಟ್ಟೆ?"

ಅವಳು ಪದ ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ಈ ಸಲ ಮೇಷ್ಟ್ರು ತಾವಾಗಿ ಏನನ್ನೂ ಊಹಿಸಲಿಲ್ಲ. ಕಿವಿಯನ್ನು ಅವಳ ಬಾಯಿಯ ಹತ್ತಿರ ಇಟ್ಟು ಕಾದರು.

"ನೀವ್... ಜೀವ ಇಲ್ಲ... ಅಂದ್ರಿ," ಅಂದಳು. ಉಸಿರು ಎಳೆದುಕೊಂಡಳು. "ನಂಬ್ದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರು ಅವಳ ಮಡಿಲಿಗೆ ತಲೆಯಿಟ್ಟು, ಹೋಗಿಬರುವ ಜನರ ಎದುರಿಗೇ ಗೊಳೋ ಎಂದು ಅತ್ತರು. ಅವಳು ಬಲಗೈಯಿಂದ ಎಡಗೈಯನ್ನು ಅವರ ಹಿಡಿತದಿಂದ ಬಿಡಿಸಿಕೊಂಡು, ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು.