ಅಮ್ಮ ಅನ್ನಬಾರದು

ಮಗಳ ಹಾಸಿಗೆಯ ಕೆಳಗಿದ್ದ ಬೇವಿನ ಸೊಪ್ಪನ್ನು ಎಳೆದು ಮರಿಯಣ್ಣ ಬಾಗಿಲಾಚೆ ಎಸೆದ. ಸುಜಾತ ಕಣ್ಣು ಬಿಡಲಿಲ್ಲ. ಅವಳ ಮುಖ, ಕತ್ತು, ಅಂಗೈಯವರೆಗೂ ಕೆಂಪು ಗುಳ್ಳೆಗಳೆದ್ದಿದ್ದವು.

“ಇದನ್ನ ಇಟ್ಟೋರು ಯಾರು?”

“ನಾನೇ ಕಣೋ,” ಎಂದಳು ಅವನ ತಾಯಿ ಮುನಿಯಮ್ಮ, ಗೋಡೆಗೆ ಒರಗಿ ಕೂತಲ್ಲಿಂದಲೇ. “ಮಗೀಗೆ ಅಮ್ಮ ಆಗೈತೆ. ತಂಪು ಬೇಡ್ವಾ?”

“ಅಮ್ಮ ಅನ್ನಬೇಡ. ಸೀತಾಳೆ ಸಿಡುಬು ಅದು. ಡಾಕ್ಟ್ರು ಸೂಜಿ ಹಾಕವ್ರೆ. ಸಂಜೆಗೆ ಜ್ವರ ಇಳೀದಿದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂದವ್ರೆ. ದೊಡ್ಡ ಸಿಡುಬೇ ದೇಶ ಬಿಟ್ಟು ಹೋಯ್ತು ಅಂತ ಸರ್ಕಾರದೋರು ಹೇಳ್ತಾವ್ರೆ, ನಿಂದೊಂದು.”

“ದೇಶ ಬಿಟ್ಟೋದೋಳು ಮನೆ ದಾರಿ ಮರೀತಾಳಾ? ನಿನ್ನೂ ಈ ಸೊಪ್ಪಿನ ಮೇಲೇ ಮಲಗ್ಸಿದ್ದೆ. ಸತ್ತೋದ್ಯಾ? ಕೆನ್ನೆ ಮುಟ್ಟಿ ನೋಡ್ಕೋ, ಅವಳ ಗುರುತು ಇನ್ನೂ ಐತೆ.”

ಮರಿಯಣ್ಣ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹೆಂಡತಿಯ ಕಡೆ ತಿರುಗಿದ. “ವಿಶಾಲೂ, ನೀನೇ ಹೇಳು. ಹೋದ ವರ್ಷ ಎಲ್ಲಾರ ಮುಂದೆ ಏನಂದ್ವಿ?”

ವಿಶಾಲಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಓಕಳಿಪುರದ ಆ ಸಭೆಯಲ್ಲಿ, ಬುದ್ಧನ ಪಟದ ಮುಂದೆ, ಹಳೆಯ ದೇವರುಗಳಿಗೆ ಇನ್ನು ಕೈಮುಗಿಯುವುದಿಲ್ಲವೆಂದು ಹೇಳುವಾಗ ಹೆಂಗಸರ ಸಾಲಿನಲ್ಲಿ ಅವಳ ದನಿಯೇ ಜೋರಾಗಿತ್ತು. ತನ್ನನ್ನು ಗುಡಿಯ ಹೊರಗೆ ನಿಲ್ಲಿಸಿದವರ ಮುಖಗಳನ್ನು ನೆನೆದು, ಸಂತೋಷದಿಂದ, ಕೂಗಿಯೇ ಹೇಳಿದ್ದಳು. ಆ ಮಾತಿನಲ್ಲಿ ಇವತ್ತಿಗೂ ಸುಳ್ಳಿರಲಿಲ್ಲ. ಆದರೆ ಅಷ್ಟು ಜೋರಾಗಿ ಹೇಳಬೇಕಿತ್ತೇ ಎಂದು ಮಗುವಿಗೆ ಜ್ವರ ಬಂದಂದಿನಿಂದ ಅನಿಸುತ್ತಿತ್ತು. ಯಾರಾದರೂ ಕೇಳಿಸಿಕೊಂಡಿದ್ದರೆ?

“ಅಂದಿದ್ದು ಅಂದ್ವಿ. ಸೊಪ್ಪಿದ್ರೆ ಏನಾಗ್ತಿತ್ತು? ಗಿಡದ ಎಲೆ ತಾನೆ?”

“ಗಿಡದ ಎಲೆ ಅಂತ ಇಟ್ಟಿದ್ರೆ ನಾನೇ ಕಿತ್ಕೊಂಡು ಬರ್ತಿದ್ದೆ. ನೀವು ಹಂಗೆ ಇಟ್ಟಿಲ್ಲ.”

ಅದು ನಿಜವಾಗಿತ್ತು. ವಿಶಾಲಮ್ಮ ಹಿಂಡಿದ ಬಟ್ಟೆಯನ್ನು ಮಗುವಿನ ಹಣೆಗೆ ಹಾಕಿದಳು.

ಮನೆಯ ಹಿಂದಿನ ಹಳಿಯ ಮೇಲೆ ಮಧ್ಯಾಹ್ನದ ರೈಲು ಹೋಯಿತು. ಗೂಡಿನ ಪಾತ್ರೆಗಳು ಅದುರಿ ಸುಮ್ಮನಾದವು. ಆಟೋ ಈಗಲೇ ತರಲೋ ಸಂಜೆಯವರೆಗೆ ಕಾಯಲೋ ತಿಳಿಯದೆ ಮರಿಯಣ್ಣ ಹೊಸಿಲ ಮೇಲೆ ನಿಂತಿದ್ದ.

ಸುಜಾತ ಕಣ್ಣು ತೆರೆದಳು. “ಅಮ್ಮ.”

“ಇಲ್ಲೇ ಇದೀನಿ ಕಣೇ.”

ಮಗು ತಾಯಿಯ ಕೈಯನ್ನು ಪಕ್ಕಕ್ಕೆ ತಳ್ಳಿತು. “ನೀನಲ್ಲ. ಅಲ್ಲಿ. ಒಳಗೆ ಬರ್ತಾಳಂತೆ. ಅಪ್ಪ ಅಡ್ಡ ನಿಂತವ್ನೆ.”

ಕೈಮುಗಿಯಲು ಹೊರಟ ಮುನಿಯಮ್ಮ ಮಗನ ಮುಖ ನೋಡಿ ಕೈಗಳನ್ನು ಮಡಿಲಿಗೆ ಇಳಿಸಿದಳು.

“ಯಾರೂ ಇಲ್ಲ ಮಗಾ,” ಎಂದ ಮರಿಯಣ್ಣ. “ಜ್ವರಕ್ಕೆ ಹಂಗನ್ನಿಸ್ತದೆ. ಯಾರೂ ಇಲ್ಲ.”

ಆದರೆ ಅವನು ಹಿಂದಕ್ಕೆ ತಿರುಗಿ ನೋಡಲಿಲ್ಲ. ಮಗು ಬಾಗಿಲನ್ನೇ ನೋಡುತ್ತಿತ್ತು. ವಿಶಾಲಮ್ಮ ಗಂಡನ ಕಾಲುಗಳನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವು ಒಂದೊಂದಾಗಿ ಪಕ್ಕಕ್ಕೆ ಸರಿದವು. ಹೊಸಿಲು ಖಾಲಿಯಾಯಿತು, ಬಿಸಿಲು ಹಾಸಿಗೆಯವರೆಗೂ ಬಂತು.