ಹಳಿ ದಾಟಿದ ಆಲೂಗಡ್ಡೆ ಸಲಾಡ್

ಸ್ಟ್ರಾಸ್‌ಬೂರ್ ಊರಿನಲ್ಲಿ ಸೈಕಲ್ ಬಾರದವರೂ ಇದ್ದಾರೆ ಎಂದರೆ ಯಾರೂ ನಂಬುವುದಿಲ್ಲ. ಅಲ್ಲಿ ಪಾದ್ರಿಯೂ ಸೈಕಲ್ ಮೇಲೆ, ಡಾಕ್ಟರೂ ಸೈಕಲ್ ಮೇಲೆ, ತುಂಬು ಬಸುರಿಯೂ ಸೈಕಲ್ ಮೇಲೆ. ಅಂಥ ಊರಲ್ಲೇ ಹುಟ್ಟಿ ಬೆಳೆದು, ಅರವತ್ತು ದಾಟುವವರೆಗೆ ಪೆಡಲ್ ಮೇಲೆ ಕಾಲಿಡದೆ ಬದುಕಿದ ಪುಣ್ಯಾತ್ಗಿತ್ತಿ ಒದೀಲ್. ಸಾಲದ್ದಕ್ಕೆ ಅವಳು ಮಾಡಿದ ಕೆಲಸವಾದರೂ ಯಾವುದು? ಟ್ರಾಮ್ ಓಡಿಸುವುದು. ಅಡ್ಡ ಬಂದ ಸೈಕಲ್ಲಿನವರಿಗೆಲ್ಲ ಗಂಟೆ ಬಾರಿಸಿ, ಗಾಜಿನ ಹಿಂದೆ ಕೂತು ಅವರ ವಂಶವನ್ನೆಲ್ಲ ಬೈದು, ನಿವೃತ್ತಿಯಾದವಳು.

ಯಾಕೆ ಕಲಿಯಲಿಲ್ಲ ಎಂದು ಯಾರಾದರೂ ಕೇಳಿದರೆ, “ನಂಗೆ ಕಿವಿಯೊಳಗೆ ತೊಂದರೆ, ಬ್ಯಾಲೆನ್ಸ್ ಸಿಗಲ್ಲ ಅಂತ ಡಾಕ್ಟರು ಹೇಳಿದಾರೆ” ಎನ್ನುತ್ತಿದ್ದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಡೆದದ್ದು ಇಷ್ಟೇ: ಚಿಕ್ಕವಳಿದ್ದಾಗ ಅಪ್ಪನ ಸೈಕಲ್ ಹತ್ತಿ ಪಕ್ಕದ ಮನೆಯವರ ಎಲೆಕೋಸಿನ ಮಡಿಗೆ ಬಿದ್ದಿದ್ದಳು. ಅಕ್ಕ ಇರ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕು, ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಅಂದೇ ಒದೀಲ್ ಸೈಕಲ್ಲಿಗೊಂದು ದೊಡ್ಡ ನಮಸ್ಕಾರ ಹಾಕಿದಳು.

ಇರ್ಮಾಳೋ, ಪಕ್ಕದ ಬೀದಿಗೆ ಬ್ರೆಡ್ ತರುವುದಕ್ಕೂ ಸೈಕಲ್ಲೇ ಹತ್ತುವವಳು. ತಂಗಿಯ ಮನೆಗೆ ಮಾತ್ರ ಯಾವತ್ತೂ ನಡೆದೇ ಬರುತ್ತಿದ್ದಳು. ಸೈಕಲ್ ಬಾರದ ತಂಗಿಯ ಮನಸ್ಸು ನೋಯಬಾರದೆಂದು ಹೀಗೆ ಮಾಡುತ್ತಾಳೆ ಎಂದುಕೊಂಡು ಒದೀಲ್ ಅದಕ್ಕೂ ಉರಿದುಕೊಳ್ಳುತ್ತಿದ್ದಳು.

ಏಸು ಸ್ವರ್ಗಕ್ಕೇರಿದ ಹಬ್ಬದ ಗುರುವಾರ ಇಡೀ ಕುಟುಂಬ ಸೈಕಲ್ ಮೇಲೆ ಹೊರಟು, ಕಾಲುವೆಯ ದಂಡೆ ಹಿಡಿದು, ಹಳೆಯ ತೂಬಿನ ಹತ್ತಿರ ಮರದ ನೆರಳಲ್ಲಿ ಊಟ ಮಾಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಮುಂದೆ ಇರ್ಮಾ, ಹಿಂದೆ ಮಕ್ಕಳು ಮರಿ. ಒದೀಲ್ ಬಸ್ಸಿನಲ್ಲಿ. ತೊಡೆಯ ಮೇಲೆ ಅಮ್ಮನ ಹೂವಿನ ಚಿತ್ರದ ಮಣ್ಣಿನ ಬೋಗುಣಿ, ಅದರ ತುಂಬ ಆಲೂಗಡ್ಡೆ ಸಲಾಡ್. “ಸಲಾಡ್ ಬಸ್ಸಲ್ಲಿ ಬರತ್ತೆ” ಎನ್ನುವುದು ಆ ಮನೆಯಲ್ಲಿ ಗಾದೆಯೇ ಆಗಿಹೋಗಿತ್ತು.

ಈ ವರ್ಷ ಚಳಿ ಬಿಡುವ ಮೊದಲೇ ಇರ್ಮಾ ಫೋನ್ ಮಾಡಿದಳು.

“ಹಬ್ಬದ ದಿನ ಆ ಕಡೆ ಬಸ್ ನಿಲ್ಲಿಸಿಬಿಟ್ರಂತೆ ಕಣೇ. ನೀನು ಒದ್ದಾಡ್ಬೇಡ. ಸಲಾಡ್ ಅಂಗಡಿಯಿಂದ ತಗೊಂಡು ಹೋಗ್ತೀವಿ.”

“ಅಂಗಡೀದಾ?”

“ಚೆನ್ನಾಗೇ ಇರತ್ತೆ. ಡಬ್ಬೀಲಿ ಬರತ್ತೆ.”

ಡಬ್ಬಿಯಂತೆ ಡಬ್ಬಿ! ಬಿಸಿ ಆಲೂಗಡ್ಡೆಗೆ ಬಿಸಿ ಸಾರು ಸುರಿದು, ಸಾಸಿವೆಯ ಗೊಜ್ಜು ಬೆರೆಸಿ, ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ, ಅಮ್ಮನ ಕೈಯಿಂದ ತನ್ನ ಕೈಗೆ ಬಂದ ಆ ರುಚಿಯನ್ನು ಬಿಟ್ಟರೆ ಕುಟುಂಬದಲ್ಲಿ ಒದೀಲಳ ಪಾಲು ಅಂತ ಬೇರೆ ಏನಿತ್ತು? ಗಂಡನಿಲ್ಲ, ಮಕ್ಕಳಿಲ್ಲ. ಸಲಾಡ್ ಬೇಡ ಎಂದರೆ ನೀನೂ ಬೇಡ ಎಂದ ಹಾಗೆಯೇ. ಆ ರಾತ್ರಿ ಅವಳು ಅತ್ತಳು. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು, ದೊಡ್ಡವರಿಗೆ ಸೈಕಲ್ ಕಲಿಸುವ ಶಾಲೆಗೆ ಹೋಗಿ ಹೆಸರು ಕೊಟ್ಟಳು. ಯಾರಿಗೂ ಹೇಳಲಿಲ್ಲ.

ಕಲಿಸುವವಳು ನಜ್ವಾ, ಗಟ್ಟಿಗಿತ್ತಿ ಹುಡುಗಿ. ಅವಳ ಕೈಗೆ ಬಿದ್ದ ಮೇಲೆ ಕಿವಿಯ ರೋಗ ಬೇಗನೇ ವಾಸಿಯಾಯಿತು. ತಿರುಗುವ ಮೊದಲು ಕೈ ಚಾಚುವುದು, ನಿಂತ ಕಾರುಗಳಿಂದ ಬಾಗಿಲು ತೆರೆಯುವಷ್ಟು ದೂರ ಇರುವುದು, ಲಾರಿಯ ಪಕ್ಕ ನುಸುಳದೆ ಹಿಂದೆಯೇ ಕಾಯುವುದು, ಎಲ್ಲವನ್ನೂ ಒದೀಲ್ ಕಲಿತಳು. ಸಣ್ಣ ಇಳಿಜಾರಿನಲ್ಲಿ ಗಾಳಿ ಕೆನ್ನೆಗೆ ಬಡಿದಾಗ ಹುಡುಗಿಯ ಹಾಗೆ ಕಿರುಚಿದ್ದೂ ಉಂಟು. ಅಯ್ಯೋ, ಇದನ್ನು ಬಿಟ್ಟು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕೈಕೊಟ್ಟದ್ದು ಒಂದೇ: ಟ್ರಾಮಿನ ಹಳಿ. ಟ್ರಾಮಿಗೆ ಹ್ಯಾಂಡಲ್ ಇಲ್ಲ, ತಿರುಗಿಸುವ ಮಾತೇ ಇಲ್ಲ. ಓಡಿಸುವವರ ಕಣ್ಣು ದಿನವಿಡೀ ಹಳಿಯ ಗುಂಟವೇ ಹೋಗುತ್ತಿರುತ್ತದೆ. ಒದೀಲಳ ಕಣ್ಣಿಗೆ ಅದೇ ಅಭ್ಯಾಸ. ಹಳಿ ಕಂಡರೆ ಸಾಕು, ಕಣ್ಣು ಅದರ ಹಿಂದೆ, ಕಣ್ಣಿನ ಹಿಂದೆ ಚಕ್ರ.

“ಮದಾಮ್, ಎಲ್ಲಿ ನೋಡ್ತೀರೋ ಸೈಕಲ್ ಅಲ್ಲಿಗೇ ಹೋಗತ್ತೆ. ಹಳಿ ನೋಡಿದ್ರೆ ಚಕ್ರ ಹಳಿ ಸಂದಿಗೇ ಸಿಕ್ಕೊಳತ್ತೆ. ಆಚೆ ಬದಿ ನೋಡಿ, ಅಡ್ಡ ದಾಟಿ.”

“ಏನ್ ಮಾಡ್ಲಮ್ಮ, ಇಷ್ಟು ವರ್ಷ ಹಳಿ ನೋಡೋದಕ್ಕೇ ಸಂಬಳ ತಗೊಂಡಿದೀನಿ.”

“ಹಾಗಾದ್ರೆ ಇಳಿದು ತಳ್ಕೊಂಡು ಹೋಗಿ. ಅದರಲ್ಲಿ ಅವಮಾನ ಏನಿಲ್ಲ.”

ಅವಮಾನ ಇಲ್ಲವಂತೆ! ಇರ್ಮಾಳ ಮನೆ ಇರುವುದೇ ಟ್ರಾಮ್ ಬೀದಿಯ ಆಚೆ ಬದಿಗೆ. ಹಬ್ಬದ ಬೆಳಿಗ್ಗೆ ಇಡೀ ಕುಟುಂಬ ಅವಳ ಬಾಗಿಲ ಮುಂದೆ ನಿಂತಿರುತ್ತದೆ. ಅವರೆಲ್ಲರ ಕಣ್ಣೆದುರಿಗೆ ಸೈಕಲ್ ತಳ್ಳಿಕೊಂಡು ಹೋಗುವ ಬದಲು ಮನೆಯಲ್ಲೇ ಕೂತು ಡಬ್ಬಿಯ ಸಲಾಡ್ ತಿನ್ನುತ್ತೇನೆ ಎಂದು ಒದೀಲ್ ಹಠ ಹಿಡಿದಳು.

ಹಬ್ಬದ ದಿನ ಬಂದೇಬಿಟ್ಟಿತು. ಹಿಂದಿನ ಬುಟ್ಟಿಯಲ್ಲಿ ದಪ್ಪ ಟವೆಲ್ ಸುತ್ತಿದ ಬೋಗುಣಿ. ತಲೆಗೆ ಹೆಲ್ಮೆಟ್. ಟ್ರಾಮ್ ಬೀದಿಯ ಅಂಚಿಗೆ ಬಂದು ಕೆಂಪು ದೀಪಕ್ಕೆ ನಿಂತಳು. ನಿಲ್ದಾಣದಲ್ಲಿ ಟ್ರಾಮೊಂದು ಬಾಗಿಲು ತೆರೆದು ನಿಂತಿತ್ತು. ಅದನ್ನು ಓಡಿಸುವವನು ಯಾನಿಕ್, ಅವಳೇ ಪಳಗಿಸಿದ ಹುಡುಗ. ಒದೀಲ್ ಸೈಕಲ್ ಮೇಲೆ! ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಆಚೆ ಬದಿಯಲ್ಲಿ ಇರ್ಮಾಳ ಮಗ ರೆಮಿ ಮೊದಲು ಕಂಡ.

“ಅಮ್ಮಾ! ಸಲಾಡ್ ಸೈಕಲ್ ಮೇಲೆ ಬಂತು!”

ಹಸಿರು ದೀಪ ಬಿತ್ತು. ಒದೀಲ್ ಪೆಡಲ್ ತುಳಿದಳು. ಹಳಿ ಕಂಡಿತು. ಹಾಳು ಕಣ್ಣು ಅದರ ಹಿಂದೆಯೇ ಹೊರಟಿತು, ಹ್ಯಾಂಡಲ್ ವಾಲಿತು. ತಕ್ಷಣ ಬ್ರೇಕ್ ಹಿಡಿದು, ಕಾಲೂರಿ, ಹಿಂದಕ್ಕೆ ಸರಿದಳು. ದೀಪ ಮತ್ತೆ ಕೆಂಪಾಯಿತು.

“ಇಳಿದು ತಳ್ಳೇ, ಒದೀಲ್!” ಇರ್ಮಾ ಆಚೆಯಿಂದ ಕೂಗಿದಳು. “ಇಳಿದು ತಳ್ಳೇ ಅಂದ್ರೆ! ಎಲೆಕೋಸು ನೆನಪಿದೆಯೋ ಇಲ್ವೋ!”

ಎಲೆಕೋಸು! ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಎರಡು ಕೈಯೆತ್ತಿ ಬೀಸುತ್ತ, ಕೆಂಪಗೆ ಊದಿಕೊಂಡ ಮುಖದಲ್ಲಿ ಬಾಯಿ ಅಗಲಿಸಿ ಕೂಗುತ್ತ ನಿಂತಿದ್ದಳು ಅಕ್ಕ. ಒದೀಲ್ ಆ ಮುಖವನ್ನೇ ದುರುಗುಟ್ಟಿ ನೋಡಿದಳು. ಇರು, ಬಂದೆ. ಈ ಸಲ ನಿನ್ನ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಒದೀಲ್ ಅಲ್ಲ.

ಹಸಿರು ಬಿತ್ತು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾನಿಕ್ ಕದಲಲಿಲ್ಲ, ಹೋಗಿ ಎಂದು ಕೈಸನ್ನೆ ಮಾಡಿದ. ಆಮೇಲೆ ಅವಳ ಕಣ್ಣಿಗೆ ಅಕ್ಕನ ಮುಖವೊಂದೇ. ತುಳಿದಳು. ಧಡಕ್, ಧಡಕ್. ಮತ್ತೆ ಧಡಕ್, ಧಡಕ್. ಕೆಳಗೆ ಏನೋ ದಾಟಿದ ಹಾಗಾಯಿತು. ಅದು ಹಳಿ ಎಂದು ತಿಳಿಯುವಷ್ಟರಲ್ಲಿ ಅವಳು ಆಚೆ ಬದಿಯಲ್ಲಿದ್ದಳು, ಮುಂದಿನ ಚಕ್ರ ಅಕ್ಕನ ಬೂಟಿನಿಂದ ಗೇಣು ದೂರದಲ್ಲಿ ನಿಂತಿತ್ತು.

“ಏನಂದೆ? ಎಲೆಕೋಸಾ?”

ಹಿಂದಿನಿಂದ ಟ್ರಾಮಿನ ಗಂಟೆ ಮೊಳಗಿತು, ಒಂದಲ್ಲ ಎರಡಲ್ಲ, ಮದುವೆ ದಿಬ್ಬಣಕ್ಕೆ ಬಾರಿಸಿದ ಹಾಗೆ. ಕಿಟಕಿಯಿಂದ ಯಾನಿಕ್ ತಲೆ ಹೊರಹಾಕಿ ಕೂಗಿದ: “ಮದಾಮ್, ನಮ್ಮ ಡಿಪೋಗೆಲ್ಲ ಹೇಳ್ತೀನಿ!”

“ಹೇಳೋ! ಪೇಪರಿನಲ್ಲೂ ಹಾಕಿಸು!”

ಆ ದಿನ ಕಾಲುವೆಯ ದಾರಿ ಎಷ್ಟು ಸೊಗಸಾಗಿತ್ತು! ದಂಡೆಯಲ್ಲಿ ಮೀನು ಹಿಡಿಯುವವರು ಸಲಾಡಿನ ಪರಿಮಳಕ್ಕೆ ಮೂಗೆತ್ತಿದರು. ಕೊಕ್ಕರೆಯೊಂದು ಹುಲ್ಲಿನಲ್ಲಿ ನಿಂತು ನೋಡಿತು. ಒದೀಲ್ ಹಾಡುತ್ತಲೇ ಹೋದಳು, ಅದೂ ಅಪಸ್ವರದಲ್ಲಿ. ತೂಬಿನ ಹತ್ತಿರ ಬೋಗುಣಿ ಬಿಚ್ಚಿದರೆ ಒಂದು ಹೋಳೂ ಚೆಲ್ಲಿರಲಿಲ್ಲ. ರೆಮಿ ತಂದಿದ್ದ ಅಂಗಡಿಯ ಡಬ್ಬಿಯ ಮುಚ್ಚಳವನ್ನೂ ಯಾರೂ ತೆಗೆಯಲಿಲ್ಲ. ಇರ್ಮಾ ಮೂರು ಸಲ ಬಡಿಸಿಕೊಂಡಳು.

ಸಂಜೆ ಮರಳಿದ ಮೇಲೆ ಒದೀಲ್ ಅಕ್ಕನನ್ನು ಮನೆಗೆ ಕರೆದಳು, ಒಂದು ಲೋಟ ವೈನ್ ಕುಡಿದು ಹೋಗು ಅಂತ. ಹಸಿರು ಬಿದ್ದಾಗ ಒದೀಲ್ ಸಲೀಸಾಗಿ ಹಳಿ ದಾಟಿದಳು. ತಿರುಗಿ ನೋಡಿದರೆ ಇರ್ಮಾ ಆಚೆ ಬದಿಯಲ್ಲೇ ಸೈಕಲ್ಲಿನಿಂದ ಇಳಿದು ನಿಂತಿದ್ದಾಳೆ.

“ಏನೇ, ಪಂಕ್ಚರ್ರಾ?”

“ಪಂಕ್ಚರೂ ಇಲ್ಲ, ಏನೂ ಇಲ್ಲ. ಇಲ್ಲಿ ನಾನು ಇಳಿದೇ ತಳ್ಳೋದು.”

“ಯಾವತ್ತಿಂದ?”

“ನಿನ್ನ ಹಾಳು ಟ್ರಾಮ್ ಬಂದಾಗಿನಿಂದ! ಒಂದ್ಸಲ ಬಿದ್ದಿದ್ದೆ, ಯಾರಿಗೂ ಹೇಳ್ಲಿಲ್ಲ. ನಿನ್ನ ಮನೆಗೆ ಮತ್ಯಾಕೆ ನಡ್ಕೊಂಡು ಬರ್ತಿದ್ದೆ ಅನ್ಕೊಂಡೆ? ಬೆಳಿಗ್ಗೆ ಇಳಿದು ತಳ್ಳೇ ಅಂತ ಬಾಯಿ ಬಡ್ಕೊಂಡೆನಲ್ಲ, ಅಣಕಿಸಿದ್ದು ಅನ್ಕೊಂಡ್ಯಾ? ಪ್ರಾಣವೇ ಬಾಯಿಗೆ ಬಂದಿತ್ತು ಕಣೇ ನಂಗೆ.”

ಇಷ್ಟು ವರ್ಷದ ಉರಿ ಎಲ್ಲಿ ಹೋಯಿತೋ ಒದೀಲಳಿಗೇ ತಿಳಿಯಲಿಲ್ಲ.

“ಹತ್ತು,” ಎಂದಳು.

“ಆಗಲ್ಲ.”

“ಹತ್ತೇ ಅಂದ್ರೆ! ಹಳಿ ನೋಡ್ಬೇಡ, ನನ್ನ ಮುಖ ನೋಡು.”

“ಆ ಮುಖ ನೋಡಿ ಯಾರು ಉದ್ಧಾರ ಆಗಿದಾರೆ!”

“ಬೆಳಿಗ್ಗೆ ನಾನು ದಾಟಿದ್ದು ನಿನ್ನ ಮುಖ ನೋಡ್ಕೊಂಡೇ.”

ಮತ್ತೆ ಹಸಿರು ಬಿತ್ತು. ಎರಡೂ ಕಡೆ ಟ್ರಾಮ್ ಇರಲಿಲ್ಲ. ಇರ್ಮಾ ಹತ್ತಿದಳು. ಹಲ್ಲು ಕಚ್ಚಿ, ತಂಗಿಯ ಮುಖದಿಂದ ಕಣ್ಣು ಕೀಳದೆ ತುಳಿದಳು. ಧಡಕ್, ಧಡಕ್. ಮತ್ತೆ ಧಡಕ್, ಧಡಕ್. ಬಂದು ನಿಂತವಳು ನಗುತ್ತಿದ್ದಳು. ಒದೀಲ್ ತನ್ನ ಸೈಕಲ್ಲಿನ ಗಂಟೆಗೆ ಕೈಹಾಕಿ ಒಂದೇ ಸಮನೆ ಬಾರಿಸತೊಡಗಿದಳು. ಮೇಲಿನ ಮನೆಗಳ ಕಿಟಕಿಗಳು ತೆರೆದುಕೊಂಡವು.

“ಸಾಕು ನಿಲ್ಲಿಸೇ, ಬೀದಿಯವರೆಲ್ಲ ನೋಡ್ತಿದಾರೆ!”

“ನೋಡ್ಲಿ ಬಿಡು. ಅವತ್ತು ನೀನು ಬೀದಿಗೆಲ್ಲ ಸಾರಿದ್ದೆಯಲ್ಲ, ಇವತ್ತು ನಾನು ಸಾರ್ತೀನಿ,” ಎಂದು ಒದೀಲ್ ಮತ್ತೂ ಜೋರಾಗಿ ಗಂಟೆ ಬಾರಿಸಿದಳು.